ಅಜ್ಜ ತಂದ ರೈಲು

ಇವತ್ತು ರಾಜಕೀಯ ಬೇಡ, ರೈಲಿನ ವಿಷಯ ಮಾತಾಡೋಣ. ಹೊಸ ರೈಲಿಗೆ ಹಸಿರು ಬಾವುಟ ತೋರಿಸೋ ಸುದ್ದಿ ಅಲ್ಲ. ಡಬ್ಬದೊಳಗೆ ಬರುವ ಆಟಿಕೆ ರೈಲು.

ನಮ್ಮಪ್ಪ ಸಾಗರದವರು. ಹೋದ ಸಲ ಬೆಂಗಳೂರಿಗೆ ಬಂದಾಗ ನನ್ನ ಮಗನಿಗೆ ಒಂದು ಮಾಡೆಲ್ ರೈಲಿನ ಸೆಟ್ ತಂದರು. ಮಗನಿಗಿನ್ನೂ ನಾಲ್ಕು ವರ್ಷ. ಎಂಜಿನ್, ಮೂರು ಬೋಗಿ, ಒಂದು ಸುತ್ತಿಗಾಗುವಷ್ಟು ಹಳಿ, ವೇಗಕ್ಕೊಂದು ಗುಂಡಿ. ನಾನು ಕೇಳಿದ ಮೊದಲ ಪ್ರಶ್ನೆ, "ಎಷ್ಟಾಯ್ತಪ್ಪ ಇದಕ್ಕೆ?" ಹೇಳಿದರು. ಪೆನ್ಷನ್ನಿನ ಅರ್ಧದ ಹತ್ತಿರ. "ಇಷ್ಟೊಂದು ಯಾಕೆ ಬೇಕಿತ್ತು? ಎರಡು ದಿನದಲ್ಲಿ ಮುರಿದು ಹಾಕ್ತಾನೆ" ಅಂದೆ. ಸ್ಟುಡಿಯೋದಲ್ಲಿ ಪ್ರಶ್ನೆ ಕೇಳಿ ಕೇಳಿ ಅದೇ ದನಿ ಮನೆಗೂ ಬಂದುಬಿಟ್ಟಿದೆ. ಅಪ್ಪ ಏನೂ ಹೇಳದೆ ಡಬ್ಬದ ಮುಚ್ಚಳ ಹಾಕಿದರು. ಅದು ಬೀರುವಿನ ಮೇಲೆ ಹೋಯಿತು.

ಎಂಜಿನಿಯರಿಂಗ್ ಓದಿದವನಾಗಿ ನಾನು ಹೇಳಿದ್ದು ಸರಿಯೇ. ಅದು ಎಚ್‌ಒ ಅಳತೆಯ ರೈಲು, ಅಂದ್ರೆ ನಿಜವಾದ ರೈಲಿನ 87ನೇ ಒಂದು ಭಾಗ. ಹಳಿಯ ಅಗಲ 16.5 ಮಿಲಿಮೀಟರ್. ಚಕ್ರವನ್ನು ಹಳಿ ಮೇಲೆ ಕೂರಿಸೋದು ದೊಡ್ಡವರ ಬೆರಳಿಗೇ ಕಷ್ಟ. ಕರೆಂಟು ಹಳಿಯಲ್ಲೇ ಹರಿಯುತ್ತೆ, 12 ವೋಲ್ಟ್. ಪ್ಲಸ್ ಮೈನಸ್ ಅದಲು ಬದಲಾದರೆ ಗಾಡಿ ಹಿಂದಕ್ಕೆ ಹೋಗುತ್ತೆ, ಹಳಿ ಮೇಲೆ ಧೂಳು ಕೂತರೆ ನಿಂತುಬಿಡುತ್ತೆ. ಡಬ್ಬದ ಮೂಲೆಯಲ್ಲಿ 14+ ಅಂತ ಸಣ್ಣಕ್ಷರದಲ್ಲಿತ್ತು. ಅಪ್ಪನ ಕನ್ನಡಕಕ್ಕೆ ಅದು ಕಾಣಲಿಲ್ಲ, ಅಂಗಡಿಯವನು ಹೇಳಲಿಲ್ಲ. ಇನ್ನು ಬೆಲೆ. ಹೊರದೇಶದ ಆಟಿಕೆ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದೆ. ಅಗ್ಗಕ್ಕೆಲ್ಲಿ ಸಿಗುತ್ತೆ ಹೇಳಿ?

ಆದ್ರೆ ಆ ರಾತ್ರಿ ಅಮ್ಮ ಫೋನಿನಲ್ಲಿ ಒಂದು ಮಾತು ಹೇಳಿದರು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಸಾಗರದ ಮಾರಿಜಾತ್ರೆಯಲ್ಲಿ ಕೀಲಿ ಕೊಡುವ ತಗಡಿನ ರೈಲಿಗೆ ಹಟ ಹಿಡಿದಿದ್ದೆನಂತೆ. ಅಪ್ಪನ ಜೇಬಿನಲ್ಲಿ ಅಷ್ಟು ದುಡ್ಡಿರಲಿಲ್ಲ. ನನ್ನನ್ನು ಎತ್ತಿಕೊಂಡು, ತಾಳಗುಪ್ಪದ ರೈಲ್‌ಬಸ್ಸು ತೋರಿಸ್ತೀನಿ ಬಾ ಅಂತ ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದರಂತೆ. ನನಗೆ ರೈಲ್‌ಬಸ್ಸು ನೆನಪಿದೆ, ಅತ್ತದ್ದು ನೆನಪಿಲ್ಲ. ಅಪ್ಪನಿಗೆ ನೆನಪಿದೆ, ಅಷ್ಟೇ.

ಮೊಮ್ಮಕ್ಕಳಿಗೆ ರೈಲು ತರಬೇಕು ಅಂತಿರೋ ಅಜ್ಜ ಅಜ್ಜಿಯರೇ, ತನ್ನಿ. ಮೂರು ವರ್ಷದೊಳಗಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತೆ, ಅದಕ್ಕೆ ಚನ್ನಪಟ್ಟಣದ ಮರದ ರೈಲು ಸಾಕು, ದಾರ ಕಟ್ಟಿ ಎಳೀಲಿ. ನಾಲ್ಕೈದು ವರ್ಷಕ್ಕೆ ಬ್ಯಾಟರಿಯ ಪ್ಲಾಸ್ಟಿಕ್ ರೈಲು ಚೆನ್ನ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಗುಂಡಿಯಂಥ ಸಣ್ಣ ಬ್ಯಾಟರಿ ಮಗು ನುಂಗಿದರೆ ಅನ್ನನಾಳವೇ ಸುಟ್ಟುಹೋಗುತ್ತೆ. ಐಎಸ್‌ಐ ಗುರುತು 2021ರ ಜನವರಿಯಿಂದ ಕಡ್ಡಾಯ, ಇಲ್ಲದಿದ್ದರೆ ವಾಪಸ್ ಕೊಡಿ. ಇನ್ನು ಎಚ್‌ಒ ಸೆಟ್ಟೇ ಬೇಕು ಅಂದ್ರೆ, ಆಮೇಲೆ ಬೋಗಿ ಸೇರಿಸುವಾಗಲೂ ಅದೇ ಅಳತೆ ಕೇಳಿ ತಗೊಳ್ಳಿ. ಎನ್ ಅಳತೆಯ ಹಳಿ 9 ಮಿಲಿಮೀಟರ್, ಒಂದರದ್ದು ಇನ್ನೊಂದರ ಮೇಲೆ ಓಡಲ್ಲ. ಮೀಟರ್‌ಗೇಜ್ ಕಾಲದಲ್ಲಿ ಜಂಕ್ಷನ್ನಿನಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಿಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಮತ್ತೆ ನನ್ನ ವಯಸ್ಸಿನ ಅಪ್ಪ ಅಮ್ಮಂದಿರೇ, ದಯವಿಟ್ಟು ಬೆಲೆ ಕೇಳಬೇಡಿ. ಕೇಳಲೇಬೇಕು ಅಂತಿದ್ರೆ ರೈಲು ಒಂದು ಸುತ್ತು ಓಡಿದ ಮೇಲೆ ಕೇಳಿ.

ಮಾರನೇ ದಿನ ನಾನೇ ಡಬ್ಬ ಕೆಳಗಿಳಿಸಿದೆ. ಮಗನಿಗೆ ಬೇರೆ ಪ್ಲಾಸ್ಟಿಕ್ ರೈಲು ಬಂತು. ಎಚ್‌ಒ ಸೆಟ್ಟಿಗೆ ಅಜ್ಜ ಡ್ರೈವರು, ಮೊಮ್ಮಗ ಗಾರ್ಡು, ಸೀಟಿ ಊದೋದು ಅವನ ಕೆಲಸ. ನಿನ್ನೆ ರಾತ್ರಿ ಬುಲೆಟಿನ್ ಮುಗಿಸಿ ಮನೆಗೆ ಹೋದ್ರೆ ಹಾಲಿನ ತುಂಬ ಹಳಿ. ಚಪ್ಪಲಿ ಬಿಟ್ಟು ಒಳಗೆ ಕಾಲಿಡ್ತಿದ್ದ ಹಾಗೇ ಅಪ್ಪ ಗದರಿದರು, "ಏಯ್, ನೋಡ್ಕೊಂಡು ಬಾರೋ, ಗೇಟ್ ಹಾಕಿದೆ!"

ಹತ್ತು ನಿಮಿಷ ಬಾಗಿಲಲ್ಲೇ ನಿಂತಿದ್ದೆ ವೀಕ್ಷಕರೇ.