ಹಿಮ್ಮಡಿ ನೋವು: ಬೆಳಗಿನ ಮೊದಲ ಹೆಜ್ಜೆಗೆ ಮುಂಚೆ



ಎತ್ತು ಕುಂಟಿದರೆ ನಾವು ಆ ದಿನವೇ ಅದರ ಗೊರಸು ಎತ್ತಿ ನೋಡುತ್ತೇವೆ. ಮನೆಯ ಹೆಂಗಸು ಬೆಳಗ್ಗೆ ಎದ್ದು ಗೋಡೆ ಹಿಡಿದು ಕುಂಟುತ್ತ ಕೊಟ್ಟಿಗೆಗೆ ಹೋದರೆ ಮಾತ್ರ, 'ಹೊತ್ತೇರಿದ ಮೇಲೆ ಸರಿಯಾಗ್ತದೆ' ಅಂತ ಸುಮ್ಮನಿರುತ್ತೇವೆ. ಹೊತ್ತೇರಿದ ಮೇಲೆ ನೋವು ಇಳಿಯುವುದೂ ನಿಜ. ಮೋಸ ಇರುವುದೇ ಅಲ್ಲಿ. ಸಂಜೆಗೆ ಮತ್ತೆ ನೋವು, ಮರುದಿನ ಏಳುವಾಗ ಮತ್ತೆ ಮುಳ್ಳು ಚುಚ್ಚಿದ ಹಾಗೆ.

ಅಂಕೋಲೆ ಹತ್ತಿರದ ಬಾಳೆಗುಳಿಯನ್ನೇ ತೆಗೆದುಕೊಳ್ಳಿ. ಕರಾವಳಿಯ ಹೆದ್ದಾರಿಯಿಂದ ಹುಬ್ಬಳ್ಳಿ ರಸ್ತೆ ಒಡೆಯುವ ಊರು ಅದು. ಆ ಸೀಮೆಯ ದುಡಿಮೆ ಎಲ್ಲ ಕಾಲ ಮೇಲೆಯೇ. ಗದ್ದೆಯ ನೆಟ್ಟಿ, ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಹೋಗುವುದು, ಹೋಟೆಲಿನಲ್ಲಿ ದಿನವಿಡೀ ನಿಂತು ದುಡಿಯುವುದು. ಹಿಂದೆ ಮನೆಯ ನೆಲ ಸಗಣಿ ಸಾರಿಸಿದ ಮಣ್ಣಿನದು. ಈಗ ಸಿಮೆಂಟು, ಟೈಲ್ಸು. ಅದೇ ತಾಲ್ಲೂಕಿನ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲೇ ದಿಲ್ಲಿಗೆ ಹೋಗಿ ಪದ್ಮಶ್ರೀ ಪಡೆದರಲ್ಲ, ಹಾಗಾದರೆ ಬರಿಗಾಲು ತಪ್ಪೇ ಎಂದು ಕೇಳಬಹುದು. ಮೆತ್ತನೆಯ ಮಣ್ಣು ಬೇರೆ, ಟೈಲ್ಸಿನ ನೆಲ ಬೇರೆ. ಹಿಮ್ಮಡಿ ನೋಯುತ್ತಿರುವಾಗ ಗಟ್ಟಿ ನೆಲದ ಮೇಲೆ ಬರಿಗಾಲು ಬೇಡ.

ಈ ನೋವು ಹುಟ್ಟುವುದು ಹೇಗೆ? ಅಂಗಾಲಿನ ಚರ್ಮದೊಳಗೆ ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಒಂದು ಗಟ್ಟಿ ನಾರಿನ ಪಟ್ಟಿ ಇದೆ. ಗೂಟಕ್ಕೆ ಕಟ್ಟಿದ ಹಗ್ಗ ಗಂಟಿನ ಹತ್ತಿರವೇ ಸವೆಯುವುದನ್ನು ನೀವು ಕಂಡಿದ್ದೀರಿ. ಈ ಪಟ್ಟಿಯೂ ಹಾಗೆಯೇ, ಹಿಮ್ಮಡಿಗೆ ಅಂಟಿಕೊಂಡ ಕಡೆ ಸವೆಯುತ್ತದೆ. ಡಾಕ್ಟರು ಇದಕ್ಕೆ ಪ್ಲಾಂಟರ್ ಫ್ಯಾಸಿಯೈಟಿಸ್ ಅಂತಾರೆ. ರಾತ್ರಿ ಮಲಗಿದಾಗ ಪಾದ ಕೆಳಕ್ಕೆ ಬಾಗಿ ಪಟ್ಟಿ ಮುದುಡಿರುತ್ತದೆ. ಎದ್ದು ಮೈಭಾರ ಹಾಕಿದ ಕೂಡಲೇ ಒಮ್ಮೆಲೇ ಜಗ್ಗುತ್ತದೆ. ನಲವತ್ತು ದಾಟಿದವರಿಗೆ, ಮೈತೂಕ ಹೆಚ್ಚಿದ್ದವರಿಗೆ, ಮೀನಖಂಡ ಬಿಗಿಯಾಗಿದ್ದವರಿಗೆ ಇದು ಹೆಚ್ಚು.

ಎಕ್ಸರೇ ತೆಗೆಸಿ 'ಎಲುಬು ಬೆಳೆದಿದೆ' ಎಂದು ಹೆದರುವವರಿದ್ದಾರೆ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಆ ಮುಳ್ಳು ಇರುತ್ತದೆ. ಅದನ್ನು ಕೊಯ್ಸಬೇಕೆಂದು ಗದ್ದೆ ಅಡವಿಡಬೇಡಿ.

ಈಗ ಉಪಾಯ. ಬೆಳಗ್ಗೆ ಎಚ್ಚರವಾದಾಗ ಕಾಲು ನೆಲಕ್ಕೆ ಊರಬೇಡಿ. ಹಾಸಿಗೆಯಲ್ಲೇ ಕೂತು, ನೋಯುವ ಕಾಲನ್ನು ಇನ್ನೊಂದು ಮೊಣಕಾಲ ಮೇಲೆ ಇಟ್ಟುಕೊಂಡು, ಬೆರಳುಗಳನ್ನು ಬುಡದಲ್ಲಿ ಹಿಡಿದು ಮೊಳಕಾಲ ಕಡೆಗೆ ಹಿಂದಕ್ಕೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲು ಮುಟ್ಟಿ ನೋಡಿ. ಪಟ್ಟಿ ಹುರಿಯಂತೆ ಬಿಗಿದಿರಬೇಕು. ಹತ್ತು ಎಣಿಸಿ ಬಿಡಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಬಹಳ ಹೊತ್ತು ಕೂತು ಏಳುವಾಗಲೂ ಇದನ್ನೇ ಮಾಡಿ. ಇದರ ಜೊತೆಗೆ ಗೋಡೆಗೆ ಕೈ ಕೊಟ್ಟು, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲಬಿಡದಂತೆ ಮುಂದಕ್ಕೆ ಬಾಗಿ 30 ಸೆಕೆಂಡು ನಿಲ್ಲಿ. ಮೂರು ಸಲ ಸಾಕು. ಎಂಟು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಡಬೇಡಿ. ಇದು ತಿಂಗಳುಗಳ ಲೆಕ್ಕ. ಹೆಚ್ಚಿನವರಿಗೆ ವರ್ಷದೊಳಗೆ ವಾಸಿಯಾಗುತ್ತದೆ.

ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಹಿಮ್ಮಡಿ ಕಡೆ ಮೆತ್ತಗಿದ್ದು ಕೊಂಚ ಎತ್ತರವಿರುವ ಚಪ್ಪಲಿ ಬೇಕು. ಮನೆಯೊಳಗೆ ಚಪ್ಪಲಿಯೇ ಅಂತ ಅಜ್ಜಿ ಗದರಿಯಾರು. ಒಳಗಿಗೆಂದೇ ಬೇರೆ ಜೊತೆ ಇಡಿ. ನೋವು ಇಳಿಯುವವರೆಗೆ ತಲೆಹೊರೆಯನ್ನು ಮನೆಯ ಗಂಡಸರು ಹೊತ್ತರೆ ಮರ್ಯಾದೆಯೇನೂ ಹೋಗದು.

ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದೆಲೆ ಇಟ್ಟು ಹಿಮ್ಮಡಿ ಒತ್ತುವ ಪದ್ಧತಿ ನಮ್ಮಲ್ಲಿದೆ. ಹದವಾದ ಶಾಖ ಆ ಹೊತ್ತಿಗೆ ಹಿತವೆನಿಸೀತು. ಆದರೆ ಸಕ್ಕರೆ ಕಾಯಿಲೆಯವರು ಇದನ್ನು ಮಾಡಲೇಬಾರದು. ಅವರ ಅಂಗಾಲಿಗೆ ಸ್ಪರ್ಶ ಕಡಿಮೆಯಾಗಿರಬಹುದು. ಸುಟ್ಟದ್ದು ತಿಳಿಯುವುದಿಲ್ಲ, ಹುಣ್ಣು ಮಾಯುವುದಿಲ್ಲ, ಕಾಲಿಗೇ ಸಂಚಕಾರ. ಎಕ್ಕದ ಹಾಲು ಯಾರ ಕಣ್ಣಿಗೂ ತಾಗಬಾರದು. ಹಿಮ್ಮಡಿಗೆ ಬರೆ ಹಾಕಿಸುವುದಂತೂ ಯಾರಿಗೂ ಬೇಡ.

'ಒಂದು ಸೂಜಿ ಹಾಕ್ಸಿದ್ರೆ ಮುಗೀತು' ಎನ್ನುವವರೂ ಇದ್ದಾರೆ. ಸ್ಟಿರಾಯ್ಡ್ ಸೂಜಿಯಿಂದ ಕೆಲವು ವಾರ ಆರಾಮ ಸಿಗಬಹುದು. ಮತ್ತೆ ಮತ್ತೆ ಹಾಕಿಸಿದರೆ ಪಟ್ಟಿಯೇ ಹರಿದೀತು, ಹಿಮ್ಮಡಿಯ ಮೆತ್ತೆ ತೆಳುವಾದೀತು. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಎಲ್ಲ ಹಿಮ್ಮಡಿ ನೋವೂ ಇದೇ ಅಲ್ಲ. ಕಾಲು ಬಾತು ಜ್ವರ ಬಂದರೆ, ಮಲಗಿದ್ದಾಗಲೂ ನೋವು ಬಿಡದಿದ್ದರೆ, ಬಿದ್ದ ಮೇಲೆ ನೋವು ಸುರುವಾಗಿದ್ದರೆ, ಅಂಗಾಲು ಜೋಮು ಹಿಡಿದರೆ ಅಥವಾ ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ, ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹರೆಯದವರಿಗೆ ಎರಡೂ ಹಿಮ್ಮಡಿ ನೋಯುತ್ತ ಬೆಳಗ್ಗೆ ಸೊಂಟವೂ ಬಿಗಿದಿದ್ದರೆ ಅದು ವಾತದ ಬೇರೆ ಕಾಯಿಲೆ ಇರಬಹುದು, ಅದನ್ನೂ ಡಾಕ್ಟರಿಗೆ ಹೇಳಿ. ಹೋದಾಗ ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿಕೊಂಡು ಬನ್ನಿ.