ಸಿಟ್ಟಿನ ನುಡಿಗಟ್ಟು: ಮೂರು ಭಾಷೆಗಳ ನಡುವೆ



ಜತ್ತ ತಾಲೂಕಿನ ಕನ್ನಡ ಶಾಲೆಯ ಮಗುವಿಗೆ ಮನೆಯಲ್ಲಿ ಬರುವುದು ಸಿಟ್ಟು. ಸಾಂಗಲಿ, ಮಿರಜದ ಪೇಟೆಯಲ್ಲಿ ಅದಕ್ಕೆ ಮರಾಠಿಯ 'ರಾಗ' ಎಂಬ ಹೆಸರು. ಸಿತಾರು ತಯಾರಿಸುವ, ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಮಿರಜದಲ್ಲಿ ಈ ಒಂದೇ ಶಬ್ದ ಸಂಗೀತಕ್ಕೂ ಕೋಪಕ್ಕೂ ಸಲ್ಲುವುದು ಸ್ವಾರಸ್ಯವೇ ಸರಿ. 'ಮಲಾ ರಾಗ ಆಲಾ', 'ನನಗೆ ಸಿಟ್ಟು ಬಂತು' ಎರಡೂ ಒಂದೇ ಅಚ್ಚಿನವು. ಮೂಗಿನ ತುದಿಯ ಕೋಪವೂ ಎರಡು ಭಾಷೆಗಳಿಗೆ ಸಮಾನ.

ತೊಡಕಿರುವುದು ಇಂಗ್ಲಿಷಿನಲ್ಲಿ. ಅಲ್ಲಿ ಮನುಷ್ಯನು 'ಟೆಂಪರ್' ಕಳೆದುಕೊಳ್ಳುತ್ತಾನೆ. ಟೆಂಪರ್ ಎಂದರೆ ಸಿಟ್ಟೆಂದೇ ಕೇಳಿ ಬಲ್ಲ ಮಗು, ಅದು ಕಳೆದುಹೋದರೆ ಸಿಟ್ಟು ಇಳಿಯಿತೆಂದು ತಿಳಿಯುತ್ತದೆ. ಪಾಠದ ಅರ್ಥವೇ ತಲೆಕೆಳಗಾಗುತ್ತದೆ. ಇಲ್ಲಿ ಟೆಂಪರ್ ಎಂದರೆ ಮನಸ್ಸಿನ ಹದ. ಕಮ್ಮಾರನು ಉಕ್ಕಿಗೆ ಕೊಡುವ ಹದಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು. 'ಹದ ತಪ್ಪಿತು' ಎಂದರೆ ಮಗುವಿಗೆ ಒಮ್ಮೆಗೇ ತಿಳಿದೀತು. 'ಸೀ ರೆಡ್' ಎಂಬುದೂ ಹೀಗೆಯೇ: ಕನ್ನಡದಲ್ಲಿ ಸಿಟ್ಟಾದವನ ಕಣ್ಣು ಕೆಂಪಾಗುತ್ತದೆ, ಇಂಗ್ಲಿಷಿನಲ್ಲಿ ಅವನಿಗೇ ಕೆಂಪು ಕಾಣುತ್ತದೆ.

'ಆ್ಯಂಗರ್ ಕೇಮ್ ಟು ಮಿ' ಎಂದು ಬರೆದ ಮಗು ತಾನು ಬಲ್ಲ ಎರಡು ಭಾಷೆಗಳ ನ್ಯಾಯವನ್ನೇ ಅನುಸರಿಸಿರುತ್ತದೆ. ಆ ವಾಕ್ಯವನ್ನು ಹೊಡೆದುಹಾಕುವ ಮುನ್ನ ಕನ್ನಡ, ಮರಾಠಿ ವಾಕ್ಯಗಳನ್ನೂ ಕೆಳಗೆ 'ಐ ಲಾಸ್ಟ್ ಮೈ ಟೆಂಪರ್' ಎಂಬುದನ್ನೂ ಹಲಗೆಯ ಮೇಲೆ ಬರೆದು, ಪ್ರತಿಯೊಂದರ ಕರ್ತೃ ಯಾರೆಂದು ಮಗುವನ್ನೇ ಕೇಳಬೇಕು.