ಊರು ನೋಡಲು ಹೋದವರು ಶಾಲೆಯನ್ನೂ ನೋಡಿ ಬನ್ನಿ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶ್ರೀಲಂಕಾದ ಕರಾವಳಿಯ ಊರುಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನಗೆ ಸೂಚನೆಯಾಗಿದೆ. ಗಲ್ಫಿಗೆ ಹೋಗಿ ಬರುವ ನಮ್ಮವರಲ್ಲಿ ಕೆಲವರು ಕೊಲಂಬೋದಲ್ಲಿ ಇಳಿದು ವಿಮಾನ ಬದಲಿಸಿದವರೇ. ಏನು ನೋಡಿದಿರಿ ಎಂದು ಕೇಳಿದರೆ, "ಚಹಾಪುಡಿ ಚೆನ್ನಾಗಿದೆ ಸರ್" ಎನ್ನುತ್ತಾರೆ. ಅದು ತಪ್ಪಲ್ಲ. ಆದರೆ ಊರು ನೋಡುವುದಕ್ಕೆ ಬೇರೊಂದು ಕ್ರಮವಿದೆ. ಅದನ್ನು ಕಲಿಸಿದವನು ಇಬ್ನ್ ಬತೂತ.

ಹದಿನಾಲ್ಕನೆಯ ಶತಮಾನದ ಈ ಮೊರಾಕೋ ಪ್ರವಾಸಿ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಆತ ಬರೆದಿಟ್ಟದ್ದು ಬರೀ ಊಟ ಉಪಚಾರದ ಸಂಗತಿಯಲ್ಲ. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿವೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ದಾಖಲಿಸಿದ್ದಾನೆ. ಬಂದರಿಗೆ ಬಂದ ಪ್ರವಾಸಿ ಶಾಲೆಗಳನ್ನು ಎಣಿಸಿದ! ಅದೇ ಇಬ್ನ್ ಬತೂತ 1344ರಲ್ಲಿ ಮಾಲ್ಡೀವ್ಸ್‌ನಿಂದ ಲಂಕೆಗೆ ಹೋಗಿ ಆದಂ ಶಿಖರ ಏರಿದ. ಗಾಲ್, ಕೊಲಂಬೋ ಊರುಗಳನ್ನೂ ಕಂಡ. ಅವನ ಕಣ್ಣಿನಿಂದಲೇ ನಾವೂ ಒಂದು ಸುತ್ತು ಹಾಕೋಣ.

ಮೊದಲು ಕೊಲಂಬೋ. ಪೇಟೆಯ ನಡುವೆ ಕೆಂಪು ಬಿಳಿ ಪಟ್ಟೆಗಳ ಜಾಮಿಯುಲ್ ಅಲ್ಫರ್ ಮಸೀದಿಯಿದೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ಮರದಾನದಲ್ಲಿ ಜಾಹಿರಾ ಕಾಲೇಜು ಇದೆ. ಅದರ ಮುಂದೆಯೂ ಒಂದು ಗಳಿಗೆ ನಿಲ್ಲಿ. ನಮ್ಮ ಮಕ್ಕಳು ಆಧುನಿಕ ಶಿಕ್ಷಣದಲ್ಲಿ ಹಿಂದೆ ಬಿದ್ದರಲ್ಲ ಎಂದು ಮರುಗಿದ ವಕೀಲರೊಬ್ಬರಿದ್ದರು, ಸಿದ್ದಿ ಲೆಬ್ಬೆ. ಅವರು 1882ರಲ್ಲಿ 'ಮುಸ್ಲಿಂ ನೇಸನ್' ಪತ್ರಿಕೆ ಹೊರಡಿಸಿದರು. ಬ್ರಿಟಿಷರು ಈಜಿಪ್ಟಿನಿಂದ ಗಡೀಪಾರು ಮಾಡಿದ್ದ ಒರಾಬಿ ಪಾಷಾ ಆಗ ಲಂಕೆಯಲ್ಲಿದ್ದರು. ಊರಿನ ಹಿರಿಯರು, ಈ ಪರದೇಶಿ ಅತಿಥಿ ಎಲ್ಲರೂ ಕೈಜೋಡಿಸಿದ್ದರಿಂದ 1892ರಲ್ಲಿ ಆ ಶಾಲೆ ಶುರುವಾಯಿತು. ನಮ್ಮಂಥ ಸಂಸ್ಥೆಗಳ ಕಥೆಯೂ ಇದೇ ಅಲ್ಲವೇ?

ಉತ್ತರದ ತುದಿಯಲ್ಲಿ ಜಾಫ್ನಾ ಇದೆ. ಅಲ್ಲಿನ ಸಾರ್ವಜನಿಕ ಗ್ರಂಥಾಲಯವನ್ನು 1981ರಲ್ಲಿ ಸುಟ್ಟುಹಾಕಿದರು. ಸುಮಾರು 97,000 ಗ್ರಂಥಗಳು, ಅವುಗಳೊಡನೆ ಬೇರೆಲ್ಲೂ ಸಿಗದ ತಾಳೆಗರಿಗಳು ಬೂದಿಯಾದವು. ಜಗಳವಾಡುವವರು ಮೊದಲು ಪುಸ್ತಕಕ್ಕೆ ಏಕೆ ಬೆಂಕಿ ಇಡುತ್ತಾರೆ? ಯೋಚಿಸಿ. ಆ ಬಿಳಿ ಕಟ್ಟಡವನ್ನು ಮತ್ತೆ ಕಟ್ಟಿದರು. 2003ರಲ್ಲಿ ಬಾಗಿಲು ತೆರೆಯಿತು. ಹೋದವರು ಒಳಗೆ ಹೋಗಿ ಹತ್ತು ನಿಮಿಷ ಕೂತು ಬನ್ನಿ.

ಇನ್ನು ದಕ್ಷಿಣದ ಗಾಲ್. ಕೊಲಂಬೋದಿಂದ ರೈಲು ಕಡಲಂಚಿನಲ್ಲೇ ಸಾಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈ ಭಾಗಕ್ಕೆ ಒಳ್ಳೆಯ ಕಾಲ. ಮುಂಗಾರಿನಲ್ಲಿ ಇಲ್ಲಿಯೂ ನಮ್ಮ ಕರಾವಳಿಯಂತೆಯೇ ಜಡಿಮಳೆ. ಡಚ್ಚರ ಕೋಟೆ 1988ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕೋಟೆಯ ಹೊರಗಿನ ಮೈದಾನದಲ್ಲೇ ಮುರಳೀಧರನ್ 2010ರಲ್ಲಿ ನಮ್ಮ ತಂಡದ ವಿರುದ್ಧ 800ನೇ ವಿಕೆಟ್ ಪಡೆದದ್ದು. ಹುಡುಗರಿಗೆ ಇದನ್ನು ನಾನು ಹೇಳಬೇಕಾಗಿಲ್ಲ!

ಆದರೆ ಉರ್ದು, ಕನ್ನಡ ಎರಡನ್ನೂ ಕಲಿಸುವ ನನಗೆ ಗಾಲ್ ಎಂದರೆ ಒಂದು ಕಲ್ಲು. ಚೀನಾದ ಮುಸ್ಲಿಂ ನೌಕಾಧಿಪತಿ ಝೆಂಗ್ ಹೆ ತಂದ 1409ರ ಶಾಸನ ಅದು. ಚೀನಿ ಬರಹ ಬುದ್ಧನಿಗೆ, ತಮಿಳು ಬರಹ ವಿಷ್ಣುವಿಗೆ, ಪಾರ್ಸಿ ಬರಹ ಅಲ್ಲಾಹನಿಗೆ. ಒಂದೇ ಕಲ್ಲು, ಮೂರು ಭಾಷೆ, ಮೂವರಿಗೂ ಗೌರವ. 1911ರಲ್ಲಿ ಇದು ಸಿಕ್ಕಾಗ ಚರಂಡಿಗೆ ಮುಚ್ಚಳವಾಗಿತ್ತು. ಈಗ ಕೊಲಂಬೋ ಮ್ಯೂಸಿಯಂನಲ್ಲಿದೆ. ಓದಲು ಬಾರದವರಿಗೆ ಶಾಸನವೂ ಚಪ್ಪಡಿಯೇ. "ಇಷ್ಟೊಂದು ಭಾಷೆ ಏಕೆ ಸರ್?" ಎಂದು ತರಗತಿಯಲ್ಲಿ ಕೇಳುವವರಿಗೆ ಇದೇ ನನ್ನ ಉತ್ತರ.

ಹಿಂದಿರುಗುವ ದಾರಿಯಲ್ಲಿ ಹಿಕ್ಕಡುವದ ಹತ್ತಿರ ಪೆರಲಿಯ ಎಂಬ ಹಳ್ಳಿ ಬರುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿಯ ಮೊದಲ ಅಲೆ ಬಂದಾಗ ಅಲ್ಲಿ ಒಂದು ರೈಲು ನಿಂತಿತು. ಭದ್ರವೆಂದು ನಂಬಿ ಊರವರೂ ಅದನ್ನು ಹತ್ತಿದರು. ಕಡಲು ಹಿಂದೆ ಸರಿಯಿತು. ನಂತರ ಇನ್ನೂ ದೊಡ್ಡ ಅಲೆ ಬಂತು. ಆ ಒಂದು ರೈಲಿನಲ್ಲೇ ಸಾವಿರಕ್ಕೂ ಹೆಚ್ಚು ಜನ ತೀರಿಹೋದರು. ದ್ವೀಪದಲ್ಲಿ ಸತ್ತವರು 30,000ಕ್ಕೂ ಮಿಕ್ಕಿ.

ಅದೇ ದಿನ, ಅದೇ ಸಾಗರದ ಇನ್ನೊಂದು ದಡವಾದ ಥಾಯ್ಲೆಂಡಿನಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಹುಡುಗಿ ತಂದೆತಾಯಿಯರ ಜೊತೆ ಪ್ರವಾಸಕ್ಕೆ ಬಂದಿದ್ದಳು. ನೀರು ನೊರೆಯೆದ್ದು ವಿಚಿತ್ರವಾಗಿ ವರ್ತಿಸುವುದನ್ನು ಕಂಡು, ಇದು ಸುನಾಮಿ ಎಂದು ಕೂಗಿಕೊಂಡಳು. ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಆ ಪಾಠ ಕೇಳಿದ್ದಳು. ದಡ ಖಾಲಿಯಾಯಿತು. ಸುಮಾರು ನೂರು ಜೀವ ಉಳಿಯಿತು.

ಪೆರಲಿಯದ ಜನ ದಡ್ಡರಲ್ಲ, ಖಂಡಿತ ಅಲ್ಲ. ಅವರಿಗೆ ಆ ಒಂದು ಪಾಠವನ್ನು ಯಾರೂ ಹೇಳಿರಲಿಲ್ಲ, ಅಷ್ಟೇ. ಆದ್ದರಿಂದ ನಾನು ಇಂದು ಹೇಳಿಬಿಡುತ್ತೇನೆ: ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಚಿಪ್ಪು ಆಯಲು ಇಳಿಯಬೇಡಿ, ಎತ್ತರದ ಜಾಗಕ್ಕೆ ಓಡಿ. ಮೊದಲ ಅಲೆ ಹೋಯಿತೆಂದು ಕೆಳಗೆ ಬರಬೇಡಿ.

ಪ್ರೀತಿಯ ವಿದ್ಯಾರ್ಥಿಗಳೇ, ಲಂಕೆಗೇ ಹೋಗಬೇಕೆಂದಿಲ್ಲ. ಈ ರಜೆಯಲ್ಲಿ ನೀವು ಹೊನ್ನಾವರಕ್ಕೆ ಹೋಗಿ, ಭಟ್ಕಳಕ್ಕೆ ಹೋಗಿ, ಉಳ್ಳಾಲಕ್ಕೆ ಹೋಗಿ. ಆ ಊರಿನಲ್ಲಿ ಎಷ್ಟು ಶಾಲೆಗಳಿವೆ, ಗ್ರಂಥಾಲಯದ ಬಾಗಿಲು ತೆರೆದಿದೆಯೇ, ಫಲಕಗಳು ಯಾವ ಯಾವ ಭಾಷೆಯಲ್ಲಿವೆ ಎಂದು ಒಂದು ಪುಟ ಬರೆದು ತನ್ನಿ. ಇಬ್ನ್ ಬತೂತ ಎಣಿಸಿದ ಲೆಕ್ಕವನ್ನು ಮುಂದುವರಿಸುವ ಕೆಲಸ ನಿಮ್ಮದು. ಮುಂದಿನ ವರ್ಷದ ಸಂಚಿಕೆಗೆ ಆ ಪುಟಗಳನ್ನು ಕೊಡಿಸುವ ಹೊಣೆ ನನ್ನದು.